ಕಪ್ಪೆಯ ತೊಗಲಿನ ಹರಿಗೆ

ಮೊದಲ ಮಳೆಯೊಡನೆ ಕೆರೆಕುಂಟೆಗಳಲ್ಲಿ ಏಳುವ ಕಪ್ಪೆಗಳ ಕೂಗನ್ನು ಋಗ್ವೇದದ ಋಷಿಯು ಗುರುವಿನ ಮಾತನ್ನು ಹಿಂದೆಯೇ ಉಚ್ಚರಿಸುವ ಶಿಷ್ಯರ ಪಾಠಕ್ಕೆ ಹೋಲಿಸಿದ್ದಾನೆ. ಏಳನೆಯ ಮಂಡಲದ 103ನೆಯ ಸೂಕ್ತವು ಇಡಿಯಾಗಿ ಈ ಪ್ರಾಣಿಗೇ ಮೀಸಲಾದುದು. ನಿಘಂಟುಕಾರರು ಇದಕ್ಕೆ ಮಂಡೂಕ, ದರ್ದುರ, ಭೇಕ, ಪ್ಲವ, ವರ್ಷಾಭೂ ಎಂದು ಹಲವು ಹೆಸರುಗಳನ್ನು ಹೇಳಿದರು. ಮಳೆಯಲ್ಲಿ ಕಾಣಿಸಿಕೊಳ್ಳುವುದೆಂದು ಒಂದು ಹೆಸರು, ನೆಗೆಯುವುದೆಂದು ಇನ್ನೊಂದು. ನ್ಯಾಯಗಳನ್ನು ರಚಿಸಿದವರೋ ಅದನ್ನು ಬಾವಿಯೊಳಗಿಟ್ಟು ‘ಕೂಪಮಂಡೂಕ’ವೆಂದು ಅಲ್ಪಜ್ಞತೆಗೆ ಉಪಮಾನವಾಗಿಸಿಬಿಟ್ಟರು. ಅದರ ಕೂಗನ್ನೂ ನೆಗೆತವನ್ನೂ ವಾಸಸ್ಥಾನವನ್ನೂ ಇಷ್ಟು ಬಗೆಯಾಗಿ ಕಂಡ ಹಿರಿಯರು ಅದರ ತೊಗಲಿನ ಕಡೆಗೆ ಅಷ್ಟು ಗಮನ ಕೊಟ್ಟಂತೆ ಕಾಣದು. ಇದರಲ್ಲಿ ಆಶ್ಚರ್ಯವೂ ಇಲ್ಲ. ಮುಟ್ಟಿದರೆ ಜಾರುವ, ತಣ್ಣಗೆ ಕೊರೆಯುವ, ಲೋಳೆ ಸವರಿದಂತಿರುವ ಆ ತೊಗಲನ್ನು ಆದರದಿಂದ ನೋಡುವವರು ಯಾರು? ಆದರೆ ಕಳೆದ ಅರವತ್ತು ವರ್ಷಗಳಿಂದ ವೈದ್ಯವಿಜ್ಞಾನವು ಬೆರಗಿನಿಂದ ಪರಿಶೀಲಿಸುತ್ತಿರುವುದು ಆ ಲೋಳೆಯನ್ನೇ.

ಕಪ್ಪೆಯ ಮೈಮೇಲೆ ಕೂದಲಿಲ್ಲ, ಗರಿಯಿಲ್ಲ, ಹುರುಪೆಯಿಲ್ಲ. ಅದು ನೀರನ್ನು ಕುಡಿಯುವುದು ಬಾಯಿಯಿಂದಲ್ಲ, ತೊಗಲಿನಿಂದ. ಉಸಿರಾಟದ ಒಂದು ಭಾಗವೂ ತೊಗಲಿನ ಮೂಲಕವೇ ನಡೆಯುತ್ತದೆ. ಆದುದರಿಂದ ಆ ತೊಗಲು ತೆಳುವಾಗಿರಬೇಕು, ಸದಾ ಒದ್ದೆಯಾಗಿರಬೇಕು. ತೆಳುವಾಗಿ ಒದ್ದೆಯಾಗಿರುವ ವಸ್ತು ಕೆಸರಿನಲ್ಲಿ, ಕೊಳೆತ ಎಲೆಗಳ ನಡುವೆ ಬಿದ್ದಿದ್ದರೆ ಏನಾಗಬೇಕು? ಎರಡು ದಿನಗಳಲ್ಲಿ ಬೂಷ್ಟು ಹಿಡಿದು ಕೊಳೆಯಬೇಕು. ಕಪ್ಪೆ ಕೊಳೆಯುವುದಿಲ್ಲ. ಪ್ರತಿ ವರ್ಷವೂ ಎಲ್ಲರ ಕಣ್ಣೆದುರಿಗೇ ನಡೆಯುವ ಈ ಸೋಜಿಗಕ್ಕೆ ಕಾರಣವೇನೆಂದು ಕೇಳಿದವರು ಬಹಳ ಕಾಲದವರೆಗೆ ಅತಿ ವಿರಳ.

ಗಾದೆಯಂತಹ ಜನಪದ ಅನುಭವವು ಒಂದೆರಡು ಕಡೆ ಶಾಸ್ತ್ರಕ್ಕಿಂತ ಮುಂದೆ ಹೋಗಿತ್ತು. ರಷ್ಯಾದ ಹಳ್ಳಿಗರು ಹಾಲು ಕೆಡದಿರಲೆಂದು ಪಾತ್ರೆಯೊಳಗೆ ಜೀವಂತ ಕಪ್ಪೆಯೊಂದನ್ನು ಬಿಡುತ್ತಿದ್ದರೆಂಬ ಪ್ರತೀತಿಯುಂಟು. ಕೇಳಿದವರು ಮೂಗು ಮುರಿಯುವಂತಹ ಪದ್ಧತಿಯೇ ಸರಿ. ಆದರೆ ಮಾಸ್ಕೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಅಲ್ಲಿಯ ಕಂದು ಕಪ್ಪೆಯ ತೊಗಲಿನ ಸ್ರಾವವನ್ನು ಪರೀಕ್ಷಿಸಿ, ಅದುವರೆಗೆ ತಿಳಿದಿದ್ದವುಗಳ ಜೊತೆಗೆ ಇನ್ನೂ 76 ಪೆಪ್ಟೈಡುಗಳನ್ನು ಗುರುತಿಸಿ 2012ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವಂಥವು. ಅಜ್ಜಿಯರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಇದಕ್ಕೆ ಎಷ್ಟೋ ಮೊದಲು, 1962ರಲ್ಲಿ, ಯುರೋಪಿನ ಹಳದಿ ಹೊಟ್ಟೆಯ ಬೊಂಬಿನಾ ಕಪ್ಪೆಯಿಂದ ಕಿಸ್ ಮತ್ತು ಮಿಷ್ಲ್ ಎಂಬವರು ಒಂದು ಜೀವಾಣುನಾಶಕ ದ್ರವ್ಯವನ್ನು ಬೇರ್ಪಡಿಸಿದ್ದರು. ಇಟಲಿಯ ಎರ್ಸ್ಪಾಮರ್ ಎಂಬ ಔಷಧವಿಜ್ಞಾನಿಯು ದಶಕಗಳ ಕಾಲ ದೇಶದೇಶಗಳ ನೂರಾರು ಜಾತಿಯ ಕಪ್ಪೆಗಳ ತೊಗಲನ್ನು ಪರಿಶೀಲಿಸಿ ಅನೇಕ ಪೆಪ್ಟೈಡುಗಳನ್ನು ಬೆಳಕಿಗೆ ತಂದರು. ಆದರೂ ಜಗತ್ತಿನ ಕಣ್ಣು ತೆರೆದದ್ದು 1987ರಲ್ಲಿ.

ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಯುಕ್ತ. ದಕ್ಷಿಣ ಆಫ್ರಿಕದಲ್ಲಿ ಝೆನೋಪಸ್ ಎಂಬ ಉಗುರುಳ್ಳ ಕಪ್ಪೆಯೊಂದಿದೆ. ಗರ್ಭಿಣಿಯ ಮೂತ್ರವನ್ನು ಹೆಣ್ಣು ಝೆನೋಪಸ್ಸಿಗೆ ಚುಚ್ಚಿದರೆ ಅದು ಒಂದು ದಿನದೊಳಗೆ ಮೊಟ್ಟೆಯಿಡುತ್ತದೆ. ಹಾಗ್‌ಬೆನ್ ಎಂಬ ಆಂಗ್ಲ ವಿಜ್ಞಾನಿಯ ಶೋಧನೆಯಿಂದ ಹುಟ್ಟಿದ ಈ ಪರೀಕ್ಷೆಯು 1930ರ ದಶಕದಿಂದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದು, ಆ ಕಪ್ಪೆಯು ಖಂಡಖಂಡಗಳ ಪ್ರಯೋಗಶಾಲೆಗಳಲ್ಲಿ ನೆಲೆಯೂರಿತು. ಬೇರೆ ಪರೀಕ್ಷೆಗಳು ಬಂದ ಮೇಲೂ ಅದರ ದೊಡ್ಡ ಮೊಟ್ಟೆಗಳಿಗಾಗಿ ಜೀವವಿಜ್ಞಾನಿಗಳು ಅದನ್ನು ಸಾಕುತ್ತಲೇ ಬಂದರು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೈಕೆಲ್ ಝಾಸ್ಲಾಫ್ ಎಂಬ ವೈದ್ಯವಿಜ್ಞಾನಿಯೂ ಮೊಟ್ಟೆಗಳಿಗಾಗಿಯೇ ಅವನ್ನು ಸಾಕಿದ್ದರು. ಕಪ್ಪೆಯ ಹೊಟ್ಟೆಯನ್ನು ಸೀಳಿ ಅಂಡಾಶಯವನ್ನು ತೆಗೆಯುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಮರಳಿ ತೊಟ್ಟಿಗೆ ಬಿಡುವುದು: ಇದು ದಿನನಿತ್ಯದ ಕೆಲಸ. ತೊಟ್ಟಿಯ ನೀರು ಸ್ವಚ್ಛವಾದುದಲ್ಲ. ಜೀವಾಣುಗಳು ತುಂಬಿದ ಬಗ್ಗಡ. ಆದರೆ ಗಾಯಗಳು ಕೀವುಗಟ್ಟದೆ, ಊದದೆ ಮಾಯುತ್ತಿದ್ದವು.

ಇದನ್ನು ಮೊದಲು ನೋಡಿದವರು ಝಾಸ್ಲಾಫರಲ್ಲ. ಅದೇ ಕಪ್ಪೆಗೆ ಅದೇ ಶಸ್ತ್ರಕ್ರಿಯೆಯನ್ನು ನಡೆಸಿದವರು ಎಷ್ಟೋ ಮಂದಿ. ತಮ್ಮ ಕೆಲಸ ಮೊಟ್ಟೆಗಳದ್ದು, ಗಾಯದ್ದಲ್ಲ ಎಂದು ಅವರೆಲ್ಲ ಮುಂದೆ ಸಾಗಿದರು. ಹಾಗೆ ಸಾಗಿದುದು ತಪ್ಪೆಂದೂ ಹೇಳಲಾಗದು. ಒಬ್ಬರು ಮಾತ್ರ ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟು ತೊಗಲನ್ನು ಅರೆದು, ಅದರ ಸಾರವನ್ನು ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿ ನೋಡಿದರು. ಬ್ಯಾಕ್ಟೀರಿಯಾಗಳು ಸತ್ತವು. ಸಾರದಿಂದ ಎರಡು ಪೆಪ್ಟೈಡುಗಳು ದೊರೆತವು. ‘ಗುರಾಣಿ’ ಎಂಬರ್ಥದ ‘ಮಾಗೆನ್’ ಎಂಬ ಹೀಬ್ರೂ ಶಬ್ದದಿಂದ ಅವುಗಳಿಗೆ ‘ಮಾಗೈನಿನ್’ ಎಂದು ಹೆಸರಿಟ್ಟರು. ಹಳಗನ್ನಡ ಕಾವ್ಯಗಳನ್ನು ಓದಿದವರು ಇದನ್ನು ‘ಹರಿಗೆ’ ಎಂದು ಕರೆದಾರು.

ಪೆಪ್ಟೈಡೆಂದರೇನು? ಅಮೈನೋ ಆಮ್ಲಗಳೆಂಬ ಸುಮಾರು ಇಪ್ಪತ್ತು ಬಗೆಯ ಅಕ್ಷರಗಳು ಜೀವಜಗತ್ತಿನಲ್ಲಿವೆ. ಅವು ಸಾಲಾಗಿ ಜೋಡಣೆಗೊಂಡು ಪ್ರೋಟೀನುಗಳಾಗುತ್ತವೆ. ಪ್ರೋಟೀನು ಮಹಾಕಾವ್ಯವಾದರೆ ಪೆಪ್ಟೈಡು ಒಂದು ಮುಕ್ತಕ. ಮಾಗೈನಿನ್ ಕೇವಲ 23 ಅಕ್ಷರಗಳ ಮುಕ್ತಕ. ದೊರೆತ ಎರಡರ ನಡುವಿನ ಭೇದವು ಎರಡೇ ಅಕ್ಷರಗಳದ್ದು. ಓಲೆಗರಿಗಳನ್ನು ಪರಿಷ್ಕರಿಸಿದವರು ಇದನ್ನು ಪಾಠಾಂತರವೆಂದೇ ಎಣಿಸಬಹುದು. ತೊಗಲಿನಲ್ಲಿ ಹರಳುಹರಳಾದ ಗ್ರಂಥಿಗಳಿದ್ದು ಅವುಗಳಲ್ಲಿ ಇದು ಸಂಗ್ರಹವಾಗಿರುತ್ತದೆ. ಕಪ್ಪೆಯು ಬೆದರಿದಾಗಲೋ ಗಾಯಗೊಂಡಾಗಲೋ ಗ್ರಂಥಿಗಳ ಸುತ್ತಣ ಸ್ನಾಯುಗಳು ಹಿಂಡಿ ಸ್ರಾವವು ಮೈಮೇಲೆ ಹರಡಿಕೊಳ್ಳುತ್ತದೆ.

ಅದು ಕೊಲ್ಲುವ ಬಗೆಯು ಇನ್ನೂ ಸ್ವಾರಸ್ಯವಾದುದು. ಬ್ಯಾಕ್ಟೀರಿಯಾದ ಕೋಶವನ್ನು ಸುತ್ತುವರಿದ ಪೊರೆಯ ಹೊರಮೈಯಲ್ಲಿ ಋಣ ವಿದ್ಯುದಾವೇಶವಿದೆ. ಪ್ರಾಣಿಗಳ ಕೋಶಪೊರೆಯ ಹೊರಮೈಯು ಬಹುಮಟ್ಟಿಗೆ ತಟಸ್ಥ. ಮಾಗೈನಿನ್ ಧನಾವೇಶವುಳ್ಳದ್ದಾದುದರಿಂದ ತನ್ನ ಶತ್ರುವನ್ನು ಆವೇಶದಿಂದಲೇ ಗುರುತಿಸಿ ಹೋಗಿ ಅಂಟುತ್ತದೆ. ಅಂಟಿದೊಡನೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಒಂದು ಮಗ್ಗುಲು ನೀರಿಗೆ ಒಲಿಯುವಂಥದು, ಇನ್ನೊಂದು ಮಗ್ಗುಲು ಕೊಬ್ಬಿಗೆ ಒಲಿಯುವಂಥದು. ಕೊಬ್ಬಿಗೆ ಒಲಿಯುವ ಮಗ್ಗುಲಿನಿಂದ ಪೊರೆಯೊಳಗೆ ಹೊಕ್ಕು, ಹಲವು ಸುರುಳಿಗಳು ಕೂಡಿ ರಂಧ್ರ ಕೊರೆಯುತ್ತವೆ. ಕೋಶದ ಒಳಗಿನದು ಹೊರಗೆ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ಪೆನಿಸಿಲಿನ್ ಮೊದಲಾದ ಔಷಧಗಳು ಜೀವಾಣುವಿನ ಯಾವುದೋ ಒಂದು ಕಾರ್ಯಕ್ಕೆ ಬೀಗ ಹಾಕುತ್ತವೆ; ಜೀವಾಣುವು ಬೀಗದ ಕಿಂಡಿಯನ್ನೇ ಬದಲಿಸಿ ಪಾರಾಗುತ್ತದೆ. ಕಪ್ಪೆಯ ಪೆಪ್ಟೈಡು ಹೊಡೆಯುವುದು ಗೋಡೆಗೆ. ಗೋಡೆಯನ್ನೇ ಬದಲಿಸುವುದು ಸುಲಭವೆ? ಝಾಸ್ಲಾಫರು ಇದನ್ನು ತೀರ ಅಸಂಭಾವ್ಯವೆಂದೇ 2002ರಲ್ಲಿ ಬರೆದರು.

ಇಲ್ಲಿ ವಿಜ್ಞಾನದ ಇತಿಹಾಸದಲ್ಲಿ ಅಪರೂಪವಾದ ಪ್ರಸಂಗವೊಂದು ನಡೆಯಿತು. ಕೆನಡಾದ ಗ್ರಹಾಂ ಬೆಲ್ ಎಂಬ ವಿಕಾಸವಾದಿ ವಿದ್ವಾಂಸರು ಈ ಮಾತನ್ನು ಒಪ್ಪಲಿಲ್ಲ. ದಿನವೂ ಔಷಧಕ್ಕೆ ಒಡ್ಡಿದರೆ ಜೀವಾಣುಗಳು ಇದಕ್ಕೂ ಒಗ್ಗಿಕೊಳ್ಳುವುವೆಂದು ಅವರ ವಾದ. ಪೂರ್ವಪಕ್ಷದವರೂ ಸಿದ್ಧಾಂತಪಕ್ಷದವರೂ ಬೇರೆ ಬೇರೆ ಕುಳಿತು ಲೇಖನ ಬರೆಯಲಿಲ್ಲ, ಒಟ್ಟಿಗೆ ಪ್ರಯೋಗಕ್ಕಿಳಿದರು. ಮಾಗೈನಿನ್ನಿನಿಂದ ರೂಪಿಸಿದ ಪೆಕ್ಸಿಗನಾನ್ ಎಂಬ ಔಷಧದಲ್ಲಿ ಜೀವಾಣುಗಳನ್ನು ತಲೆಮಾರಿನಿಂದ ತಲೆಮಾರಿಗೆ ಬೆಳೆಸಲಾಯಿತು, ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸಲಾಯಿತು. 600–700 ತಲೆಮಾರುಗಳಾಗುವಷ್ಟರಲ್ಲಿ 24 ಪಂಗಡಗಳಲ್ಲಿ 22 ಪಂಗಡಗಳು ಔಷಧವನ್ನು ಜಯಿಸಿದ್ದವು. 2006ರಲ್ಲಿ ಪ್ರಕಟವಾದ ಆ ಪ್ರಬಂಧದ ಕರ್ತೃಗಳಲ್ಲಿ ಝಾಸ್ಲಾಫರ ಹೆಸರೂ ಇದೆ. ತಮ್ಮ ಮಾತು ಬಿದ್ದುಹೋದುದನ್ನು ತಾವೇ ಸಹಿ ಹಾಕಿ ಸಾರಿದರು. ವಾಕ್ಯಾರ್ಥ ಸಭೆಗಳಲ್ಲಿಯೂ ಇಂತಹ ಸೌಜನ್ಯವು ನಿತ್ಯದ ನೋಟವಲ್ಲ.

ಔಷಧದ ಕಥೆಯೂ ಸುಖಾಂತವಲ್ಲ. ಮಧುಮೇಹಿಗಳ ಪಾದದ ಹುಣ್ಣು ಎಂತಹುದೆಂಬುದನ್ನು ಕಂಡವರೇ ಬಲ್ಲರು; ಬೆರಳಿನಿಂದ ತೊಡಗಿ ಕಾಲನ್ನೇ ಕಳೆದುಕೊಳ್ಳುವಂತೆ ಮಾಡುವ ವ್ಯಾಧಿ ಅದು. ಪೆಕ್ಸಿಗನಾನ್ ಲೇಪವನ್ನು ಅದಕ್ಕಾಗಿಯೇ ಸಿದ್ಧಪಡಿಸಲಾಗಿತ್ತು. ಪರೀಕ್ಷೆಗಳಲ್ಲಿ ಅದು ನುಂಗುವ ಮಾತ್ರೆಯಾದ ಆಫ್ಲಾಕ್ಸಸಿನ್ನಿಗೆ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡಿತು. ಆದರೂ 1999ರಲ್ಲಿ ಅಮೆರಿಕದ ಔಷಧ ಆಡಳಿತವು ಅನುಮತಿ ನೀಡಲಿಲ್ಲ. ಮತ್ತೆ ಪರೀಕ್ಷಿಸಿದಾಗ, 2016ರಲ್ಲಿ ಹೊರಬಂದ ಫಲಿತಾಂಶದಂತೆ, ಔಷಧವಿಲ್ಲದ ಬರಿಯ ಲೇಪಕ್ಕಿಂತ ಅದು ಮೇಲೆಂದು ಸಿದ್ಧವಾಗಲಿಲ್ಲ. ದೇಹದೊಳಗಿನ ಕಿಣ್ವಗಳು ಇಂತಹ ಪೆಪ್ಟೈಡುಗಳನ್ನು ಬೇಗನೆ ತುಂಡರಿಸುತ್ತವೆ. ಪ್ರಮಾಣ ಹೆಚ್ಚಿಸಿದರೆ ಕೆಲವು ರಕ್ತಕಣಗಳನ್ನೂ ಒಡೆಯುತ್ತವೆ. ತಯಾರಿಕೆಗೆ ವೆಚ್ಚವೂ ಬಹಳ. ಇತ್ತ ಆ್ಯಂಟಿಬಯಾಟಿಕ್ಕುಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಾಗಿ 2019ರೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಸತ್ತರೆಂದು ಅಂದಾಜು. ಹೀಗಿರಲಾಗಿ, ಒಂದು ಹರಿಗೆ ಮುರಿಯಿತೆಂದು ಶೋಧವನ್ನು ಕೈಬಿಡುವಂತಿಲ್ಲ.

ಶೋಧಕ್ಕೆ ಸಾಮಗ್ರಿಯೇನೋ ಧಾರಾಳವಾಗಿದೆ. ಜಗತ್ತಿನಲ್ಲಿ 7,000ಕ್ಕೂ ಹೆಚ್ಚು ಜಾತಿಯ ಕಪ್ಪೆಗಳಿವೆ, ಮತ್ತು ಎರಡು ಜಾತಿಗಳ ಪೆಪ್ಟೈಡುಗಳ ಸಮೂಹವು ಒಂದೇ ಆಗಿರುವುದು ತೀರ ವಿರಳ. ಒಂದೊಂದು ಜಾತಿಯೂ ಒಂದೊಂದು ಓಲೆಯ ಕಟ್ಟು. ಆದರೆ ಓದುವುದಕ್ಕೆ ಮೊದಲೇ ಕಟ್ಟುಗಳು ಗೆದ್ದಲಿಗೆ ಬೀಳುತ್ತಿವೆ. ಕಪ್ಪೆಯ ತೊಗಲಿಗೇ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರವು 1998–99ರಲ್ಲಿ ಗುರುತಿಗೆ ಸಿಕ್ಕಿತು. ಅದು 501 ಜಾತಿಗಳ ಇಳಿಮುಖಕ್ಕೆ ಕಾರಣವಾಗಿದೆಯೆಂದೂ ಅವುಗಳಲ್ಲಿ 90 ಜಾತಿಗಳು ಅಳಿದುಹೋಗಿರಬಹುದೆಂದೂ 2019ರ ಅಧ್ಯಯನವೊಂದು ಲೆಕ್ಕಹಾಕಿತು. ಕಾಡು ಕಡಿಯುವುದು, ಗದ್ದೆಹೊಂಡಗಳನ್ನು ಮುಚ್ಚುವುದು ಇವು ಬೇರೆ. 2023ರ ಸಮೀಕ್ಷೆಯಂತೆ ಉಭಯಜೀವಿಗಳಲ್ಲಿ ಶೇಕಡ 41ರಷ್ಟು ಜಾತಿಗಳು ಅಪಾಯದಲ್ಲಿವೆ. ಭಾರತದಿಂದಂತೂ ಒಂದು ಕಾಲದಲ್ಲಿ ಕಪ್ಪೆಯ ಕಾಲುಗಳು ವಿದೇಶೀಯರ ಊಟದ ತಟ್ಟೆಗಾಗಿ ಟನ್ನುಗಟ್ಟಲೆ ಹಡಗೇರುತ್ತಿದ್ದವು. ಸರ್ಕಾರವು ಆ ರಫ್ತನ್ನು ನಿಷೇಧಿಸಿದುದು ಮಾಗೈನಿನ್ ಪ್ರಕಟವಾದ 1987ರಲ್ಲಿಯೇ. ನಿಷೇಧಕ್ಕೂ ಶೋಧಕ್ಕೂ ಸಂಬಂಧವಿಲ್ಲ. ಕಪ್ಪೆಗಳು ಕಡಿಮೆಯಾದರೆ ಬೆಳೆಗಳಿಗೆ ಕೀಟಬಾಧೆ ಹೆಚ್ಚುವುದೆಂಬ ಆತಂಕ ಆಗ ಮುಂದಿತ್ತು.

ಕಪ್ಪೆಯನ್ನು ಕೊಂದೇ ಓದಬೇಕೆಂಬ ಕಾಲವೂ ಈಗಿಲ್ಲ. ಇದಕ್ಕೆ ಪಶ್ಚಿಮಘಟ್ಟದ ಒಂದು ಕಪ್ಪೆಯೇ ನಿದರ್ಶನ. ಇಟ್ಟಿಗೆಗೆಂಪು ಬೆನ್ನಿನ ಆ ಕಪ್ಪೆಯು ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳಗಳಲ್ಲಿ ಹರಡಿದೆ. ಅದು ಬೇರೆಯೇ ಜಾತಿಯೆಂದು ನಿರ್ಣಯಿಸಿದ ಭಾರತೀಯ ವಿಜ್ಞಾನಿಗಳು 2015ರಲ್ಲಿ ಅದಕ್ಕೆ ‘ಹೈಡ್ರೋಫಿಲಾಕ್ಸ್ ಬಹುವಿಸ್ತಾರ’ ಎಂದು ಹೆಸರಿಟ್ಟರು. ಗ್ರೀಕಿನ ಪಕ್ಕದಲ್ಲಿ ಸಂಸ್ಕೃತವು ಇಷ್ಟು ಸಲೀಸಾಗಿ ಕುಳಿತುದನ್ನು ಕಂಡರೆ ಭಾಷಾಭ್ಯಾಸಿಗಳಿಗೆ ಸಂತೋಷವಾದೀತು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದವರೂ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರೂ ಕೂಡಿ ಅದರ 32 ಪೆಪ್ಟೈಡುಗಳನ್ನು ಫ್ಲೂ ವೈರಸ್ಸಿನ ಮೇಲೆ ಪರೀಕ್ಷಿಸಿದರು. ನಾಲ್ಕು ಪೆಪ್ಟೈಡುಗಳು ವೈರಸ್ಸನ್ನು ತಡೆದವು; ರಕ್ತಕಣಗಳಿಗೆ ಹಾನಿ ಮಾಡದೆ ಉಳಿದುದು ಒಂದು. ಕೇರಳದ ವೀರರು ಬೀಸುತ್ತಿದ್ದ ಬಳುಕುವ ಕತ್ತಿ ‘ಉರುಮಿ’ಯಿಂದ ಅದಕ್ಕೆ ‘ಉರುಮಿನ್’ ಎಂಬ ಹೆಸರು ಬಂದಿತು. ಕನ್ನಡದ ಉರುಮೆ ವಾದ್ಯಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು. ಆಫ್ರಿಕದ ಕಪ್ಪೆಯಲ್ಲಿ ಹರಿಗೆ ಸಿಕ್ಕರೆ ಘಟ್ಟದ ಕಪ್ಪೆಯಲ್ಲಿ ಕತ್ತಿ ಸಿಕ್ಕಿತೆನ್ನಬೇಕು. 2017ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ ಉರುಮಿನ್ ಎಚ್1 ಬಗೆಯ ಫ್ಲೂ ವೈರಸ್ಸುಗಳನ್ನು ಒಡೆದು ಇಲಿಗಳನ್ನು ಉಳಿಸಿತು; ಎಚ್3 ಬಗೆಯವುಗಳ ಮೇಲೆ ಅದು ನಾಟಲಿಲ್ಲ. ಮನುಷ್ಯರಿಗೆ ಕೊಡುವ ಔಷಧವಾಗಿ ಅದು ಇನ್ನೂ ರೂಪುಗೊಂಡಿಲ್ಲ. ಕಪ್ಪೆಗಳ ಮೈಗೆ ಅತಿ ಮೃದುವಾದ ವಿದ್ಯುತ್ತನ್ನು ಸೋಕಿಸಿ, ಒಸರಿದ ಸ್ರಾವವನ್ನು ತೆಗೆದುಕೊಂಡು, ಅವುಗಳನ್ನು ಮರಳಿ ಅವುಗಳ ನೆಲೆಗೇ ಬಿಡಲಾಯಿತು.