ಪಿಎಚ್‌.ಡಿ. ಪ್ರವೇಶ: ಅಂಕ ಬಂದವರು ಸೀಟು ಕಳೆದುಕೊಳ್ಳುವುದು ಎಲ್ಲಿ?

ಕೆಂಭಾವಿ, ಹುಣಸಗಿ, ಶಹಾಪುರದ ಕಡೆಯಿಂದ ಎಂ.ಟೆಕ್. ಮುಗಿಸಿ ಪಿಎಚ್‌.ಡಿ.ಗೆ ಅರ್ಜಿ ಹಾಕುವ ಮಕ್ಕಳು ಈಗ ಕಡಿಮೆಯಿಲ್ಲ. ಅವರಲ್ಲಿ ಕೆಲವರು ವಕೀಲನಾದ ನನ್ನ ಬಳಿಗೂ ಬರುತ್ತಾರೆ, ಆದರೆ ಎಲ್ಲ ಮುಗಿದ ಮೇಲೆ ಬರುತ್ತಾರೆ. ಪ್ರವೇಶ ಪರೀಕ್ಷೆ ಪಾಸಾಗಿರುತ್ತದೆ, ಸಂದರ್ಶನವೂ ಆಗಿರುತ್ತದೆ. ದಾಖಲೆ ಪರಿಶೀಲನೆಯ ದಿನ ‘ಈ ಸರ್ಟಿಫಿಕೇಟ್ ನಡೆಯೋದಿಲ್ಲ’ ಎಂಬ ಒಂದೇ ಮಾತಿಗೆ ಹೆಸರು ಪಟ್ಟಿಯಿಂದ ಹೊರಬಿದ್ದಿರುತ್ತದೆ. ಎರಡು ವರ್ಷ ಓದಿದ್ದು ಒಂದು ಕಾಗದದ ಮುಂದೆ ಸೋಲುತ್ತದೆ. ಪರೀಕ್ಷೆಯ ತಯಾರಿ ಎಂದರೆ ಪುಸ್ತಕ ಮಾತ್ರ ಎಂದು ನಂಬಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಕಾಗದದ ವಿಷಯ. ನಾಡಕಚೇರಿಯಿಂದ ನಮ್ಮ ಹಿಂದುಳಿದ ವರ್ಗದವರಿಗೆ ಸಾಮಾನ್ಯವಾಗಿ ಸಿಗುವುದು ರಾಜ್ಯದ ಪ್ರಮಾಣಪತ್ರ: ಪ್ರವರ್ಗ-1ಕ್ಕೆ ನಮೂನೆ ‘ಇ’, 2ಎ, 2ಬಿ, 3ಎ, 3ಬಿಗೆ ನಮೂನೆ ‘ಎಫ್’. ವಿಟಿಯು, ಗುಲಬರ್ಗಾ ವಿಶ್ವವಿದ್ಯಾಲಯದಂಥ ರಾಜ್ಯದ ಸಂಸ್ಥೆಗಳಿಗೆ ಇದು ಸಾಕು. ಆದರೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಸುರತ್ಕಲ್ಲಿನ ಎನ್‌ಐಟಿ, ಧಾರವಾಡದ ಐಐಟಿ ಕೇಂದ್ರದ ಸಂಸ್ಥೆಗಳು. ಅಲ್ಲಿ 2ಎ, 3ಬಿ ಎಂಬ ಲೆಕ್ಕವೇ ಇಲ್ಲ. ಇರುವುದು ಒಬಿಸಿ ಒಂದೇ, ಅದಕ್ಕೆ ಶೇ 27. ಆ ಸೀಟು ಬೇಕಾದರೆ ಕೇಂದ್ರದ ನಮೂನೆಯ, ಹಿಂದುಳಿದವರಲ್ಲೇ ಮುಂದೆ ಬಂದವರ ಕೆನೆಪದರಕ್ಕೆ (ಕ್ರೀಮಿ ಲೇಯರ್) ಸೇರಿಲ್ಲ ಎಂದು ಹೇಳುವ ಒಬಿಸಿ ಪ್ರಮಾಣಪತ್ರವೇ ಬೇಕು. ನಮ್ಮ ಹುಡುಗರು ಮನೆಯಲ್ಲಿರುವ ‘ಎಫ್’ ಅನ್ನೇ ಸ್ಕ್ಯಾನ್ ಮಾಡಿ ಹಾಕಿಬಿಡುತ್ತಾರೆ. ಇಂಟರ್ನೆಟ್ ಅಂಗಡಿಯವನೂ ‘ಜಾತಿ ಸರ್ಟಿಫಿಕೇಟ್ ಅದ ಅಲ್ರೀ, ಹಾಕ್ರಿ’ ಎಂದು ಅಪ್‌ಲೋಡ್ ಮಾಡುತ್ತಾನೆ. ಅರ್ಜಿ ತೆಗೆದುಕೊಳ್ಳುವ ಕಂಪ್ಯೂಟರ್ ಬೇಡ ಅನ್ನುವುದಿಲ್ಲ. ತಿಂಗಳುಗಳ ನಂತರ ಮನುಷ್ಯರು ನೋಡಿದಾಗ ಬೇಡ ಅನ್ನುತ್ತಾರೆ.

ಎರಡನ್ನೂ ಗುರುತಿಸಲು ಇಂಗ್ಲಿಷ್ ಪೂರ್ತಿ ಓದಬೇಕಾಗಿಲ್ಲ. ಕಾಗದದಲ್ಲಿ 36012/22/93 ಎಂಬ ಸಂಖ್ಯೆ, 8-9-1993 ಎಂಬ ದಿನಾಂಕ ಇದೆಯೇ ನೋಡಿ. ಅದು ಕೆನೆಪದರ ಯಾರು ಎಂದು ಹೇಳುವ ಕೇಂದ್ರದ ಜ್ಞಾಪನಾಪತ್ರದ ಗುರುತು. ಆ ಸಂಖ್ಯೆ ಇಲ್ಲದ, 2ಎ, 3ಬಿ ಎಂದಷ್ಟೇ ಬರೆದಿರುವ ಕಾಗದ ಕೇಂದ್ರದ ಒಬಿಸಿ ಸೀಟಿಗೆ ನಡೆಯುವುದಿಲ್ಲ. ಆಮೇಲೆ ದಿನಾಂಕ ನೋಡಿ. ನಮೂನೆ ‘ಎಫ್’ ಐದು ವರ್ಷ ನಡೆಯುತ್ತದೆ, ಆ ಧೈರ್ಯವೇ ಇಲ್ಲಿ ಕೆಡಿಸುವುದು. ಕೇಂದ್ರದ ಸಂಸ್ಥೆಗಳು ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟ ಪ್ರಮಾಣಪತ್ರ ಕೇಳುತ್ತವೆ. ಹೋದ ವರ್ಷದ್ದು ಸರಿಯಾದ ನಮೂನೆಯಲ್ಲಿದ್ದರೂ ಬೀಳುತ್ತದೆ.

ಹಿಂದುಳಿದ ಜಾತಿಗಳ ರಾಜ್ಯದ ಪಟ್ಟಿ, ಕೇಂದ್ರದ ಪಟ್ಟಿ ಎರಡೂ ಒಂದೇ ಅಲ್ಲ ಎನ್ನುವುದನ್ನು ನೆನಪಿಡಿ. ಲಿಂಗಾಯತರು ರಾಜ್ಯದಲ್ಲಿ 3ಬಿ, ಆದರೆ ಎಲ್ಲ ಒಳಪಂಗಡಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ರಾಜ್ಯವಾರು ಪಟ್ಟಿ ಇದೆ. ನಿಮ್ಮ ಶಾಲೆಯ ಟಿ.ಸಿ.ಯಲ್ಲಿ ಬರೆದ ಜಾತಿಯ ಹೆಸರು, ಕಾಗುಣಿತ ಸಹಿತ, ಅಲ್ಲಿದೆಯೇ ಎಂದು ನೀವೇ ನೋಡಿ.

ಈಗ ಆದಾಯ. ಇಲ್ಲಿ ಕಚೇರಿಗಳು ಮಾಡುವ ತಪ್ಪು ಕಂಡು ನನಗೆ ನಿಜಕ್ಕೂ ಬೇಸರವಾಗುತ್ತದೆ. ಕೆನೆಪದರದ ಆದಾಯ ಮಿತಿ 2017ರಿಂದ ವರ್ಷಕ್ಕೆ 8 ಲಕ್ಷ ರೂಪಾಯಿ. ಆದರೆ 1993ರ ಅದೇ ಜ್ಞಾಪನಾಪತ್ರ, ಸಂಬಳದ ಆದಾಯವನ್ನೂ ಬೇಸಾಯದ ಆದಾಯವನ್ನೂ ಆ ಲೆಕ್ಕಕ್ಕೆ ಕೂಡಿಸಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಹತ್ತಿ, ಭತ್ತ ಬೆಳೆಯುವ ರೈತನ ಮಗನಿಗೆ ‘ನಿಮ್ಮಪ್ಪಂದು ನೀರಾವರಿ ಹೊಲ, ನಿಮಗೆ ಬರಂಗಿಲ್ಲ’ ಎಂದು ಕಳಿಸಿದ್ದನ್ನು ಕಂಡಿದ್ದೇನೆ. ಇದು ತಪ್ಪು. ನೀರಾವರಿ ಜಮೀನಿಗೆ ಬೇರೆಯೇ ಒರೆಗಲ್ಲಿದೆ: ಭೂಮಿತಿ ಕಾಯ್ದೆಯ ಮಿತಿಯ ಶೇ 85ಕ್ಕೆ ಸಮ ಅಥವಾ ಹೆಚ್ಚು ನೀರಾವರಿ ಭೂಮಿ ಇದ್ದರೆ ಮಾತ್ರ ಕೆನೆಪದರ. ನಮ್ಮ ಬಹುತೇಕ ರೈತರು ಅದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನೊಂದು ಅನ್ಯಾಯ ಹೆಣ್ಣುಮಕ್ಕಳಿಗೆ ಆಗುತ್ತಿದೆ. ಮದುವೆಯಾದ ಒಬ್ಬ ಹೆಣ್ಣುಮಗಳು, ಸಿವಿಲ್ ಎಂಜಿನಿಯರಿಂಗಿನಲ್ಲಿ ಎಂ.ಟೆಕ್., ಕಚೇರಿಯೊಂದರಲ್ಲಿ ಅರ್ಜಿ ಕೊಟ್ಟರೆ ಗಂಡನ ಸಂಬಳದ ಚೀಟಿ ತರಲು ಹೇಳಿದರು. ಅದು ಹೆಚ್ಚಾಯಿತೆಂದು ಅರ್ಜಿ ತಳ್ಳಿಹಾಕಿದರು. ಕೇಂದ್ರದ ನಿಯಮ ನೋಡುವುದು ತಂದೆ-ತಾಯಿಯ ಸ್ಥಾನಮಾನವನ್ನು. ಗಂಡನ ಸಂಬಳವನ್ನಲ್ಲ, ಅಭ್ಯರ್ಥಿಯ ಸ್ವಂತ ಸಂಬಳವನ್ನೂ ಅಲ್ಲ. ಅತಿಥಿ ಉಪನ್ಯಾಸಕರಾಗಿ ನೀವು ದುಡಿಯುತ್ತಿದ್ದರೆ ಅದು ಅಡ್ಡಿಯಾಗಬಾರದು. ಆಕೆಯ ಅರ್ಜಿಯನ್ನು ನಿಯಮದ ಪ್ರತಿ ಲಗತ್ತಿಸಿ ಮತ್ತೆ ಹಾಕಿಸಿದೆವು. ಪ್ರಮಾಣಪತ್ರ ಬಂತು, ಅಷ್ಟರಲ್ಲಿ ಆ ವರ್ಷದ ಪ್ರವೇಶ ಮುಗಿದಿತ್ತು.

ಅಪವಾದ ಇಲ್ಲೂ ಇದೆ. ತಂದೆ ಅಥವಾ ತಾಯಿ ನೇರ ನೇಮಕಾತಿಯ ಗ್ರೂಪ್ ‘ಎ’ ಅಧಿಕಾರಿಯಾಗಿದ್ದರೆ, ಅಥವಾ ಇಬ್ಬರೂ ನೇರವಾಗಿ ಗ್ರೂಪ್ ‘ಬಿ’ಗೆ ಬಂದವರಾಗಿದ್ದರೆ, ಆದಾಯ ಎಷ್ಟಿದ್ದರೂ ನೀವು ಕೆನೆಪದರ. ಇನ್ನು ಆರ್ಥಿಕವಾಗಿ ದುರ್ಬಲ ವರ್ಗದ, ಅಂದರೆ ಇಡಬ್ಲ್ಯುಎಸ್ ಸೀಟಿಗೆ ಲೆಕ್ಕವೇ ತಿರುಗುಮುರುಗು. ಅಲ್ಲಿ ಸಂಬಳ, ಬೇಸಾಯ ಎಲ್ಲ ಕೂಡಿ 8 ಲಕ್ಷದೊಳಗೆ ಇರಬೇಕು, ಮನೆಯವರ ಹೆಸರಿನಲ್ಲಿ ಐದು ಎಕರೆ ಅಥವಾ ಹೆಚ್ಚು ಜಮೀನು ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರವೇಶದ ಮೀಸಲಾತಿಯಲ್ಲಿ ಕೆನೆಪದರದ ಈ ಲೆಕ್ಕ ಇಲ್ಲ.

‘ಆಮೇಲೆ ಕೊಟ್ಟರಾಯಿತು, ಕೋರ್ಟು ಇದೆಯಲ್ಲ’ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಕೊನೆಯ ದಿನ ದಾಟಿ ಕೊಟ್ಟ ಒಬಿಸಿ ಪ್ರಮಾಣಪತ್ರವನ್ನು ಒಪ್ಪಬೇಕೆಂದು ರಾಮ್ ಕುಮಾರ್ ಗಿಜ್ರೋಯಾ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ವಕೀಲರೆಲ್ಲ ಅದನ್ನೇ ಹಿಡಿದು ಹೋಗುತ್ತಿದ್ದೆವು. ಆದರೆ 2025ರ ಮೇನಲ್ಲಿ, ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯ ಮೊಹಿತ್ ಕುಮಾರ್ ಪ್ರಕರಣದಲ್ಲಿ, ಅದೇ ಕೋರ್ಟು ಪ್ರಕಟಣೆಯಲ್ಲಿ ಹೇಳಿದ ನಮೂನೆಯಲ್ಲೇ ಪ್ರಮಾಣಪತ್ರ ಇಲ್ಲದಿದ್ದರೆ ಮೀಸಲಾತಿ ಕೇಳಲಾಗದು ಎಂದಿತು. ಅಲ್ಲಿ ಕೊಟ್ಟಿದ್ದು ಕೇಂದ್ರದ ನಮೂನೆ, ಬೇಕಿದ್ದದ್ದು ರಾಜ್ಯದ್ದು. ನಮ್ಮ ಹುಡುಗರ ತಪ್ಪು ಇದರ ಉಲ್ಟಾ, ಫಲ ಒಂದೇ.

ಅರ್ಜಿಯನ್ನು ನಾಡಕಚೇರಿಯಲ್ಲಿ ಅಥವಾ ಅದರ ಜಾಲತಾಣದಲ್ಲಿ ಹಾಕಬಹುದು. ಸೇವೆಯ ಪಟ್ಟಿಯಲ್ಲಿ ಕೇಂದ್ರದ ಒಬಿಸಿ ಬೇರೆ ಇದೆ, ಅದನ್ನೇ ಆರಿಸಿ. ಹೊರಗೆ ನಿಂತವನಿಗೆ ದುಡ್ಡು ಕೊಡಬೇಡಿ. ಅವನು ಹಾಕುವುದೂ ಇದೇ ಅರ್ಜಿ, ಅದನ್ನೂ ತಪ್ಪು ಸೇವೆಯಲ್ಲಿ ಹಾಕುತ್ತಾನೆ. ಸ್ವೀಕೃತಿ ಚೀಟಿಯಲ್ಲಿ ಸಕಾಲ ಸಂಖ್ಯೆ ಇರಲೇಬೇಕು. ಆ ಸಂಖ್ಯೆ ಇಲ್ಲದಿದ್ದರೆ ನಿಮ್ಮ ಅರ್ಜಿ ಕಾನೂನಿನ ಕಣ್ಣಿಗೆ ಬಿದ್ದಿಲ್ಲ. 2011ರ ಸಕಾಲ ಕಾಯ್ದೆಯಂತೆ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ಆ ಹಣ ದೊಡ್ಡದಲ್ಲ, ಆದರೆ ಚೀಟಿ ಹಿಡಿದು ಮೇಲ್ಮನವಿ ಹಾಕುತ್ತೇನೆ ಎಂದು ಹೇಳಿದಾಗ ‘ಸಾಹೇಬ್ರು ಇಲ್ಲ, ನಾಳೆ ಬರ್ರಿ’ ಎನ್ನುವ ಮಾತು ನಿಲ್ಲುತ್ತದೆ. ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರ ತಿರಸ್ಕಾರವಾದರೆ ರಾಜ್ಯದ 1990ರ ಮೀಸಲಾತಿ ಕಾಯ್ದೆಯ 4-ಬಿ ಕಲಮಿನ ಪ್ರಕಾರ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಬರಹದಲ್ಲಿ ಕೇಳಿ. ಬರಹವಿಲ್ಲದಿದ್ದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಪ್ರಮಾಣಪತ್ರವನ್ನು ಕೊಡುವವರೂ ಉಪವಿಭಾಗಾಧಿಕಾರಿಯೇ. 2013ರ ಪ್ರವೇಶ ಆದೇಶದಂತೆ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮವರಿಗೆ. ಪಿಎಚ್‌.ಡಿ. ಅಧಿಸೂಚನೆಯಲ್ಲಿ ಅದನ್ನು ಹೇಗೆ ಹಂಚಿದ್ದಾರೆ ಎಂದು ಓದಿಯೇ ಅರ್ಜಿ ಹಾಕಿ. ಐಐಟಿ, ಎನ್‌ಐಟಿಗೆ ಇದು ಅನ್ವಯಿಸುವುದಿಲ್ಲ.

ಈಗ ಪರೀಕ್ಷೆ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿಯಂತೆ ಪ್ರವೇಶ ಪರೀಕ್ಷೆಯ ಅರ್ಧ ಸಂಶೋಧನಾ ವಿಧಾನ, ಅರ್ಧ ನಿಮ್ಮ ವಿಷಯ. ಸಂದರ್ಶನಕ್ಕೆ ಹೋಗಲು ಶೇ 50 ಅಂಕ ಬೇಕು. ಪರಿಶಿಷ್ಟರು, ಒಬಿಸಿ, ಅಂಗವಿಕಲರು, ಇಡಬ್ಲ್ಯುಎಸ್ ಅವರಿಗೆ ಶೇ 5 ಸಡಿಲಿಕೆ, ಅದಕ್ಕೂ ಮೇಲೆ ಹೇಳಿದ ಕಾಗದವೇ ಆಧಾರ. ಕೊನೆಯ ಆಯ್ಕೆಯಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಇರಬೇಕು. ನಾಲ್ಕು ವರ್ಷದ ಪದವಿಯಿಂದ ನೇರ ಬರುವವರಿಗೆ ಶೇ 75, ಆದರೆ ವಿಶ್ವವಿದ್ಯಾಲಯದ ಸ್ವಂತ ನಿಯಮ ಇನ್ನೂ ಬಿಗಿಯಾಗಿರಬಹುದು. ‘ನೆಟ್ ಇಲ್ಲದೆ ಆಗಲ್ಲ’ ಎಂದು ಹೆದರಿಸುವವರ ಮಾತು ಎಂಜಿನಿಯರುಗಳಿಗೆ ಬೇಡ. ನೆಟ್‌ನಲ್ಲಿ ಸಿವಿಲ್, ಮೆಕ್ಯಾನಿಕಲ್ ವಿಷಯಗಳೇ ಇಲ್ಲ. ಗೇಟ್ ಅಂಕ ಇದ್ದರೆ ಮೂರು ವರ್ಷ ನಡೆಯುತ್ತದೆ.

ನಮ್ಮ ಎಂಜಿನಿಯರುಗಳು ತಮ್ಮ ವಿಷಯವನ್ನು ಚೆನ್ನಾಗಿ ಓದುತ್ತಾರೆ, ಸಂಶೋಧನಾ ವಿಧಾನವನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಅರ್ಧ ಅಂಕ ಅಲ್ಲೇ ಇದೆ. ಕಾಲುವೆ ನೀರು ಹರಿದು ಜವಳಾದ ಹೊಲಗಳು ಇಲ್ಲಿ ಊರೂರಿಗಿವೆ. ಅವುಗಳ ಮೇಲೆ ಕೆಲಸ ಮಾಡಬೇಕೆಂದಿರುವವನು ಯಾವ ಹೊಲದ ಮಣ್ಣು ತೆಗೆಯಬೇಕು, ಎಷ್ಟು ಕಡೆ, ಯಾವ ಆಳದಲ್ಲಿ, ಎರಡು ಊರುಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಹೇಗೆ ತೀರ್ಮಾನಿಸಬೇಕು ಎಂದು ಯೋಚಿಸಿದರೆ ಸ್ಯಾಂಪ್ಲಿಂಗ್, ಹೈಪಾಥಿಸಿಸ್, ಟಿ-ಟೆಸ್ಟ್ ಎಲ್ಲ ಅರ್ಥವಾಗುತ್ತವೆ. ಸಂದರ್ಶನದಲ್ಲೂ ಕೇಳುವುದು ಇದನ್ನೇ. ಪೇಟೆಂಟ್, ಕೃತಿಸ್ವಾಮ್ಯ, ಕೃತಿಚೌರ್ಯದ ಪ್ರಶ್ನೆಗಳನ್ನು ಬಿಡಬೇಡಿ. ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನಂತೆ ಕಂಪ್ಯೂಟರ್ ಪ್ರೋಗ್ರಾಂ ತಾನಾಗಿ ಪೇಟೆಂಟಿಗೆ ಅರ್ಹವಲ್ಲ. ಇಂಥವು ಒಂದು ಸಂಜೆಯಲ್ಲಿ ಕಲಿಯಬಹುದಾದ ಅಂಕಗಳು.

ಕೀ ಉತ್ತರ ಬಂದ ದಿನವೇ ನೋಡಿ. ತಪ್ಪಿದ್ದರೆ ಆಕ್ಷೇಪಣೆಯ ಗಡುವಿನೊಳಗೆ, ಪುಸ್ತಕದ ಪುಟದ ಪ್ರತಿ ಲಗತ್ತಿಸಿ ಹಾಕಿ. ಆಮೇಲೆ ಕೋರ್ಟಿಗೆ ಬಂದರೆ ಹೆಚ್ಚೇನೂ ಸಿಗದು. ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೀ ಉತ್ತರದ ಬಗ್ಗೆ ಸಂಶಯವಿದ್ದರೆ ಅದರ ಲಾಭ ಪರೀಕ್ಷಾ ಸಂಸ್ಥೆಗೇ ಎಂದಿದೆ. ಸ್ವಂತ ಉತ್ತರ ಪತ್ರಿಕೆ ನೋಡುವ ಹಕ್ಕನ್ನು ಮಾತ್ರ 2011ರ ಆದಿತ್ಯ ಬಂದೋಪಾಧ್ಯಾಯ ತೀರ್ಪು ಕೊಟ್ಟಿದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಓಎಂಆರ್ ಪ್ರತಿ ಕೇಳಿ, 30 ದಿನದಲ್ಲಿ ಕೊಡಬೇಕು. ತಡ ಮಾಡಬೇಡಿ, ಇಡುವ ಅವಧಿ ಮುಗಿದರೆ ಅವನ್ನು ನಾಶ ಮಾಡುತ್ತಾರೆ.

ಕಾಲೇಜಿನಲ್ಲಿ ಕೆಲಸ ಮಾಡುತ್ತಾ ಪಾರ್ಟ್‌ಟೈಮ್ ಮಾಡುವವರಿಗೆ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯವಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂಬ ಮಾತು ಅದರಲ್ಲಿ ಇರಲೇಬೇಕು. ‘ಅಭ್ಯಂತರವಿಲ್ಲ’ ಎಂಬ ಒಂದು ಸಾಲಿನ ಪತ್ರ ಸಾಲದು. ಪ್ರವೇಶಕ್ಕೆ ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಅಲ್ಲೇ ಬಿಟ್ಟು ಬರಬೇಡಿ. ಅವನ್ನು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ.

ದಲ್ಲಾಳಿಗಳಲ್ಲಿ ಅತಿ ಕೆಟ್ಟವರು ‘ಪರೀಕ್ಷೆ ಬೇಡ, ಹೋಗೋದು ಬೇಡ, ಎರಡು ವರ್ಷದಾಗ ಡಿಗ್ರಿ’ ಎನ್ನುವವರು. ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ದೂರಶಿಕ್ಷಣದಲ್ಲಿ ಪಿಎಚ್‌.ಡಿ. ಇಲ್ಲವೇ ಇಲ್ಲ. ನಿಯಮ ಮೀರಿ ಪಿಎಚ್‌.ಡಿ. ಕೊಡುತ್ತಿದ್ದ ರಾಜಸ್ಥಾನದ ಮೂರು ವಿಶ್ವವಿದ್ಯಾಲಯಗಳನ್ನು 2025ರ ಜನವರಿಯಲ್ಲಿ ಯುಜಿಸಿ ಪಿಎಚ್‌.ಡಿ. ಪ್ರವೇಶದಿಂದ ಐದು ವರ್ಷ ಹೊರಗಿಟ್ಟಿತು. ಪ್ರಬಂಧ ಬರೆಸಿಕೊಂಡವರಿಗೂ ನೆಮ್ಮದಿಯಿಲ್ಲ. ಕೃತಿಚೌರ್ಯದ ಬಗೆಗಿನ ಯುಜಿಸಿಯ 2018ರ ನಿಯಮದಂತೆ ಶೇ 60 ಮೀರಿ ನಕಲು ಸಿಕ್ಕರೆ ನೋಂದಣಿಯೇ ರದ್ದು. ನಿಜವಾದ ಮಾರ್ಗದರ್ಶಕರು ಬೇಕೆಂದರೆ ವಿಶ್ವವಿದ್ಯಾಲಯದ ಜಾಲತಾಣ ನೋಡಿ. ಯಾರ ಬಳಿ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬ ಪಟ್ಟಿ ಅಲ್ಲಿ ಇರಬೇಕೆಂದು ನಿಯಮವಿದೆ. ಪ್ರೊಫೆಸರರಿಗೆ ಎಂಟು, ಅಸೋಸಿಯೇಟ್‌ಗೆ ಆರು, ಅಸಿಸ್ಟೆಂಟ್‌ಗೆ ನಾಲ್ಕು. ತುಂಬಿದವರ ಹಿಂದೆ ಬಿದ್ದು ದಿನ ಕಳೆಯಬೇಡಿ.

ಅನ್ಯಾಯವಾದರೆ ಮೊದಲು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಬರೆಯಿರಿ. ಯುಜಿಸಿಯ 2023ರ ನಿಯಮದಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಆಮೇಲೆ ಒಂಬುಡ್ಸ್‌ಪರ್ಸನ್. ಪ್ರವೇಶ ಮುಗಿಯುವ ದಿನ ಹತ್ತಿರವಿದ್ದರೆ ಆ ಸಮಿತಿಗೆ ಬರೆದ ಪತ್ರದ ಸ್ವೀಕೃತಿ, ಅಧಿಸೂಚನೆಯ ಪ್ರತಿ, ತಿರಸ್ಕಾರದ ಬರಹ ಹಿಡಿದು ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕುವ ವಕೀಲರನ್ನು ಅದೇ ವಾರ ಕಾಣಿ. ಸೀಟು ತುಂಬಿದ ಮೇಲೆ ಬಂದರೆ, ತಪ್ಪು ಅವರದೇ ಆಗಿದ್ದರೂ, ನಿಮಗಾಗಿ ಬಾಕಿ ಉಳಿದಿರುವುದು ಮುಂದಿನ ವರ್ಷದ ಅರ್ಜಿ ಮತ್ತು ಹೊಸ ಏಪ್ರಿಲ್ ನಂತರದ ಇನ್ನೊಂದು ಪ್ರಮಾಣಪತ್ರ.