‘ನಾನು ಯಾರು?’ – ಉತ್ತರ ಎಲ್ಲಿದೆ?



ಯಾರಾದರೂ ‘ನೀವು ಯಾರು?’ ಎಂದು ಕೇಳಿದರೆ ನಾವು ಹೆಸರು, ಊರು, ಮನೆತನ, ಉದ್ಯೋಗ ಹೇಳಿ ಸುಮ್ಮನಾಗುತ್ತೇವೆ. ಆದರೆ ಇವೆಲ್ಲ ಕೈಬಿಟ್ಟು ಹೋದರೆ? ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಎಷ್ಟೋ ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಬೇರೆಡೆ ನೆಲೆಸಬೇಕಾಯಿತು. 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಊರು ಹೋಯಿತು, ಆದರೆ ಊರಿನವನು ಉಳಿದನು. ಹಾಗಾದರೆ ಉಳಿದ ಆ ‘ನಾನು’ ಯಾರು?

ಎಲ್ಲ ನಂಟುಗಳನ್ನು ಕಡಿದುಕೊಂಡು ಒಳಗೆ ಹುಡುಕಿದರೆ ಸಿಕ್ಕೀತು ಎಂದು ಕೆಲವರು ಭಾವಿಸುತ್ತಾರೆ. ಇದೇ ವಿಚಾರವನ್ನು ಯುವಕ ರವೀಂದ್ರನಾಥ ಠಾಕೂರರು ನಮ್ಮ ಕಾರವಾರದಲ್ಲೇ ಕುಳಿತು ಚಿಂತಿಸಿದರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದಿದ್ದಾಗ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’ 1884ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಂನ್ಯಾಸಿಯೊಬ್ಬ ಗುಹೆಯಲ್ಲಿ ತಪಸ್ಸು ಮಾಡಿ, ಪ್ರೀತಿ-ಮಮತೆಗಳನ್ನೆಲ್ಲ ಗೆದ್ದೆನೆಂದು ಹೊರಬರುತ್ತಾನೆ. ಸಮಾಜ ದೂರವಿಟ್ಟ ಅನಾಥ ಬಾಲಕಿಯೊಬ್ಬಳು ಅವನನ್ನು ಹಚ್ಚಿಕೊಳ್ಳುತ್ತಾಳೆ. ಮಮತೆಗೆ ಹೆದರಿದ ಸಂನ್ಯಾಸಿ ಅವಳನ್ನು ಬಿಟ್ಟು ಓಡುತ್ತಾನೆ. ಕೊನೆಗೆ ಪ್ರೀತಿಯೇ ಸತ್ಯವೆಂದರಿತು ಮರಳಿ ಬರುವಾಗ ಬಾಲಕಿ ತೀರಿಹೋಗಿರುತ್ತಾಳೆ.

ತಡವಾಗಿ ಬಂದ ಈ ಅರಿವು ನಮಗೂ ಎಚ್ಚರಿಕೆ. ಪ್ರಾರ್ಥನೆ ನಮ್ಮನ್ನು ಮನೆಯವರಿಂದ ದೂರ ಮಾಡಿದರೆ ಅಲ್ಲಿ ಏನೋ ಕೊರತೆಯಿದೆ ಎಂದೇ ಅರ್ಥ.

ಲೂಕನ ಶುಭಸಂದೇಶದ 15ನೇ ಅಧ್ಯಾಯದ ಕಿರಿಯ ಮಗನನ್ನು ನೆನೆಯಿರಿ. ಹಣ ಹೋಯಿತು, ಗೆಳೆಯರೂ ಹೋದರು. ಹಂದಿಗಳ ನಡುವೆ ಅವನಿಗೆ ತನ್ನ ಅರಿವಾಯಿತು. ಅರಿವಾದೊಡನೆ ನೆನಪಾದದ್ದು ಯಾರು? ತಂದೆ! ಮಗನೆನಿಸಿಕೊಳ್ಳಲು ತನಗೆ ಯೋಗ್ಯತೆಯಿಲ್ಲ, ಆಳಾಗಿ ಇರುತ್ತೇನೆಂದು ಅವನು ಹೊರಟ. ತಂದೆಯಾದರೋ ಮಗನೆಂದೇ ಅಪ್ಪಿಕೊಂಡನು. ನಾವು ಯಾರೆಂಬುದನ್ನು ನಮ್ಮ ಗಳಿಕೆಯಾಗಲಿ ಸೋಲಾಗಲಿ ತೀರ್ಮಾನಿಸುವುದಿಲ್ಲ. ನಮ್ಮನ್ನು ಪ್ರೀತಿಸುವ ತಂದೆಯಾದ ದೇವರು ತೀರ್ಮಾನಿಸುತ್ತಾರೆ. ಇದೇ ವಿಶ್ವಾಸಿಯ ಉತ್ತರ.

ಈ ಉತ್ತರ ಬಾಯಿಪಾಠವಾಗದೆ ಬದುಕಾಗಲು ಅಭ್ಯಾಸ ಬೇಕು. 1548ರಲ್ಲಿ ಅಚ್ಚಾದ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಲೊಯೋಲದ ಸಂತ ಇಗ್ನಾಸಿಯವರು ಐದು ಹೆಜ್ಜೆಗಳ ಆತ್ಮಶೋಧನೆಯನ್ನು ಕಲಿಸಿದ್ದಾರೆ. ರಾತ್ರಿ ಜಪಸರದ ನಂತರ ಹತ್ತು ನಿಮಿಷ ಮೌನವಾಗಿ ಕುಳಿತು ಹೀಗೆ ಮಾಡಿ:

1. ದಿನದ ವರಗಳಿಗಾಗಿ ದೇವರಿಗೆ ವಂದನೆ ಸಲ್ಲಿಸಿ.
2. ನಿಮ್ಮ ತಪ್ಪುಗಳನ್ನು ಕಾಣುವ ಬೆಳಕು ಬೇಡಿ.
3. ಬೆಳಗಿನಿಂದ ಆಡಿದ ಮಾತು, ಮಾಡಿದ ಕೆಲಸ, ಮನದ ಆಲೋಚನೆಗಳನ್ನು ಒಂದೊಂದಾಗಿ ನೋಡಿ.
4. ತಪ್ಪಿದ್ದಲ್ಲಿ ಕ್ಷಮೆ ಕೇಳಿ.
5. ದೇವರ ಕೃಪೆಯಿಂದ ನಾಳೆ ತಿದ್ದಿಕೊಳ್ಳುವ ನಿರ್ಧಾರ ಮಾಡಿ.

ಮೂರನೆಯ ಹೆಜ್ಜೆಯಲ್ಲಿ ಅವಸರ ಬೇಡ. ‘ಸಿಟ್ಟು ಬಂತು’ ಎಂದಷ್ಟಕ್ಕೆ ನಿಲ್ಲದೆ, ‘ಏಕೆ ಬಂತು? ಮಾನ ಹೋದೀತೆಂಬ ಭಯವೇ?’ ಎಂದು ಕೇಳಿಕೊಳ್ಳಿ. ಆ ಭಯವನ್ನೂ ತಂದೆಯ ಮುಂದಿಡಿ.

ಇದಕ್ಕೆ ಗುಹೆ ಬೇಕಿಲ್ಲ. ಜಗಲಿಯ ಮೂಲೆ ಸಾಕು. ಆದರೆ ಎದ್ದ ಮೇಲೆ, ನಿಮಗಾಗಿ ಕಾದಿರುವ ಮಗುವಿನ ಮಾತನ್ನು ಕೇಳಲು ಮರೆಯಬೇಡಿ. ನಿಮ್ಮ ಧ್ಯಾನ ಫಲಿಸಿತೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.