ಸ್ವಾಧ್ಯಾಯವೆಂಬ ತಪಸ್ಸು ಮತ್ತು ಪ್ರತಿಭೆ

ಮಹಾಲಕ್ಷ್ಮಿ ಲೇಔಟಿನ ಶ್ರಾವಕಿಯೊಬ್ಬರು ಉಪವಾಸದ ಪಾರಣೆಯ ದಿನ ಕೇಳಿದ ಪ್ರಶ್ನೆಯೇ ಈ ಪಾಠಕ್ಕೆ ನಿಮಿತ್ತ: “ನನ್ನ ಮಗನಲ್ಲಿ ಪ್ರತಿಭೆಯಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಪ್ರತಿಭೆಯೆಂಬುದು ಹುಟ್ಟಿನಿಂದಲೇ ಬರತಕ್ಕದ್ದೇ?”

ಜ್ಞಾನವು ಜೀವದ ಸ್ವಭಾವ. ಹೊರಗಿನಿಂದ ತುಂಬತಕ್ಕ ವಸ್ತುವಲ್ಲ. ಜ್ಞಾನಾವರಣೀಯ ಕರ್ಮವು ಅದಕ್ಕೆ ತೆರೆಯಾಗಿದೆ. ಆ ಕರ್ಮದ ಕ್ಷಯೋಪಶಮವಾದಷ್ಟೂ ಜ್ಞಾನವು ಪ್ರಕಟವಾಗುತ್ತದೆ. ಆದುದರಿಂದ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ತಾರತಮ್ಯವು ತೆರೆಯದೇ ಹೊರತು ಬೆಳಕಿನದಲ್ಲ. ತೆರೆಯನ್ನು ತೆಳುವಾಗಿಸುವ ಸಾಧನವೆಂದರೆ ಆರು ಅಂತರಂಗ ತಪಸ್ಸುಗಳಲ್ಲೊಂದಾದ ಸ್ವಾಧ್ಯಾಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅದಕ್ಕೆ ಐದು ಅಂಗಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಸಂಶಯವನ್ನು ಕೇಳಿ ಪರಿಹರಿಸಿಕೊಳ್ಳುವುದು, ಅರಿತುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು, ಶುದ್ಧವಾಗಿ ಪುನಃ ಪುನಃ ಪಠಿಸುವುದು, ಪರರಿಗೆ ತಿಳಿಸುವುದು ಎಂದು ಕ್ರಮವಾಗಿ ಇವುಗಳ ತಾತ್ಪರ್ಯ.

ಇದಕ್ಕೆ ನಮ್ಮ ನಾಡಿನ ಕವಿಗಳೇ ನಿದರ್ಶನ. ರನ್ನನು 949ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಜನಿಸಿದನು. ವಿದ್ಯೆಯ ಹಂಬಲದಿಂದ ಊರನ್ನು ಬಿಟ್ಟು ಅಜಿತಸೇನಾಚಾರ್ಯರ ಶಿಷ್ಯನಾದನು. ಇಲ್ಲಿ ವಾಚನಾ, ಪೃಚ್ಛನಾಗಳಿವೆ. ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿರುವ ಭೀಮ ದುರ್ಯೋಧನರ ಕಾಳಗವನ್ನು ಆಧರಿಸಿ ‘ಗದಾಯುದ್ಧ’ವೆಂಬ ಸಂಪೂರ್ಣ ಕಾವ್ಯವನ್ನೇ ಕಟ್ಟಿದನು, ಸಿಂಹಾವಲೋಕನ ಕ್ರಮದಿಂದ ಇಡೀ ಭಾರತಕಥೆಯನ್ನು ಅದರೊಳಗೆ ತಂದನು. ಅನ್ಯರು ಓದಿ ಮುಂದೆ ಸಾಗಿದ ಕಡೆ ನಿಂತು ಚಿಂತಿಸುವುದೇ ಅನುಪ್ರೇಕ್ಷೆ. ಹೊಸತು ಹುಟ್ಟುವುದು ಅಲ್ಲಿಯೇ. ಅವನ ಅಜಿತಪುರಾಣವು ಪೂರ್ಣಗೊಂಡುದು 993ರಲ್ಲಿ, ಅವನ ನಲವತ್ತನಾಲ್ಕನೆಯ ವಯಸ್ಸಿನ ಸುಮಾರಿಗೆ.

ಪಂಪನು ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿಯೂ ರಚಿಸಿದನೆಂಬುದನ್ನು ಕೇಳಿ ನಾವು ಬೆರಗಾಗುತ್ತೇವೆ. ಆದರೆ ಆಗ ಅವನಿಗೆ ಸುಮಾರು ಮೂವತ್ತೊಂಬತ್ತು ವರ್ಷ. ಬರೆದುದು ತಿಂಗಳುಗಳಲ್ಲಿ, ಪಕ್ವವಾದುದು ವರ್ಷಗಳಲ್ಲಿ.

ತೆರೆಯನ್ನು ದಪ್ಪವಾಗಿಸುವ ದೋಷಗಳನ್ನೂ ಆಚಾರ್ಯರು ಎಣಿಸಿದ್ದಾರೆ. ಬಲ್ಲುದನ್ನು ಮರೆಮಾಚುವುದು ನಿಹ್ನವ. ಕಲಿಸಬೇಕಾದವರಿಗೆ ಅಸೂಯೆಯಿಂದ ಕಲಿಸದಿರುವುದು ಮಾತ್ಸರ್ಯ. ಕಲಿಯುವವರಿಗೆ ವಿಘ್ನವೊಡ್ಡುವುದು ಅಂತರಾಯ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಖ್ಯಾತಳಾದ ಅತ್ತಿಮಬ್ಬೆಯು ಈ ದೋಷಗಳಿಗೆ ದಾನದಿಂದಲೇ ಉತ್ತರವಿತ್ತಳು. ಮಗುವಿನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ತಂದೆತಾಯಿಗಳು ತಮಗರಿಯದೆ ಅಂತರಾಯವನ್ನೇ ಒಡ್ಡುತ್ತಾರೆ. ಆ ತಾಯಿ ಭಯಪಡಬೇಕಾದುದು ಮಗನ ಹುಟ್ಟಿಗಲ್ಲ, “ಇವನಲ್ಲಿ ಪ್ರತಿಭೆಯಿಲ್ಲ” ಎಂಬ ಮಾತಿಗೆ.

ಸ್ವಾಧ್ಯಾಯ ಮಾಡಿದವರೆಲ್ಲರೂ ರನ್ನರಾಗುವರೆಂದು ಹೇಳಲಾಗದು. ಆದರೆ ಮಾಡಿದಷ್ಟು ವ್ಯರ್ಥವಾಗದು. ಆಹಾರವನ್ನು ಬಿಟ್ಟ ದಿನ ಮನಸ್ಸನ್ನೂ ಹರಟೆಯಿಂದ ಬಿಡಿಸಿ, ಈ ನಿಯಮವನ್ನು ತಾಯಿ ಮಗ ಜೊತೆಯಾಗಿ ಕೈಗೊಳ್ಳಲಿ: ಒಂದು ಪುಟದ ಓದು, ಒಂದು ಸಂಶಯ, ಅರ್ಧ ಗಂಟೆಯ ಮೌನಚಿಂತನೆ, ಒಂದು ಪುನಃಪಠನ, ಸಂಜೆ ಮಗನು ಹೇಳಲಿ, ತಾಯಿ ಕೇಳಲಿ.